ಹಳೇ ರೂಟರ್ ಬದಲಾವಣೆ: ನಮ್ಮ ದಾವಣಗೆರೆ ಗ್ರಾಹಕರಿಗೆ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ಸಿಸ್ಕೋ ಆರ್‌ವಿ110ಡಬ್ಲ್ಯೂ, ಆರ್‌ವಿ130, ಆರ್‌ವಿ215ಡಬ್ಲ್ಯೂ ರೂಟರ್‌ಗಳಿಗೆ ನಮ್ಮ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ಇರುವುದಿಲ್ಲ. ಅವಿರುವ ಕಡೆಯೆಲ್ಲ ಹೊಸದು ಕೂರಿಸುತ್ತೇವೆ. ವ್ಯಾಪಾರ ಮಂದವಿರುವಾಗ ಖರ್ಚಿನ ಮಾತು ತಂದಿದ್ದಕ್ಕೆ ಕ್ಷಮೆಯಿರಲಿ.

"ನೆಟ್ ಚೆನ್ನಾಗೇ ಬರ್ತೈತಲ್ರೀ, ಕೆಡದೇ ಇರೋದನ್ನ ಯಾಕ್ ಬಿಚ್ತೀರಿ? ಫೈಬರ್‌ನೋರು ಪುಕ್ಕಟೆ ಬಾಕ್ಸ್ ಕೊಟ್ಟಾರೆ, ಅದೇ ಸಾಕು." ಮಂಡಿಪೇಟೆ ಅಂಗಡಿಗಳಿಂದ ಪಿ.ಜೆ. ಬಡಾವಣೆ ಕ್ಲಿನಿಕ್‌ಗಳವರೆಗೆ ಎಲ್ಲರೂ ಕೇಳಿದ್ದು ಇದನ್ನೇ. ಕಮಿಷನ್ ಆಸೆ ಅಂದವರೂ ಇದ್ದಾರೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ರೂಟರ್ ಓಡುತ್ತಿದೆ, ನಿಜ. ಆದರೆ 2021ರ ಆಗಸ್ಟ್‌ನಲ್ಲಿ ಈ ಮಾದರಿಗಳಲ್ಲಿರುವ, ಒಳಗಿನ ಸಾಧನ ಕೇಳಿದರೆ ತಾನೇ ಹೊರಗಿನ ಬಾಗಿಲು ತೆರೆದುಕೊಡುವ ಯುಪಿಎನ್‌ಪಿಯಲ್ಲೊಂದು ದೋಷ ಬಯಲಾಯಿತು. ಪಾಸ್‌ವರ್ಡ್ ಗೊತ್ತಿಲ್ಲದವನೂ ರೂಟರನ್ನು ಕೈವಶ ಮಾಡಿಕೊಳ್ಳಬಹುದಾದ ದೋಷ. ಮಾದರಿಗಳ ಅವಧಿ ಮುಗಿದಿದೆ, ಪ್ಯಾಚ್ (ದೋಷ ಮುಚ್ಚುವ ಅಪ್‌ಡೇಟ್) ಕೊಡುವುದಿಲ್ಲ ಎಂದು ಕಂಪನಿಯೇ ಹೇಳಿತು. 2022ರ ಜೂನ್‌ನಲ್ಲಿ ಇನ್ನೊಂದು ಹೊರಬಿತ್ತು, ಅದಕ್ಕೂ ಪ್ಯಾಚ್ ಇಲ್ಲ. ಯುಪಿಎನ್‌ಪಿ, ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರ್ ಸೆಟ್ಟಿಂಗ್ ಬದಲಿಸುವ ಸೌಲಭ್ಯ) ಎರಡನ್ನೂ ಆಫ್ ಮಾಡಿ, ಅದಕ್ಕೆ ಬಿಲ್ಲೂ ಹಾಕದೆ ಇಷ್ಟು ವರ್ಷ ಕಾಯ್ದುಕೊಂಡು ಬಂದವರು ನಾವೇ. ಕಮಿಷನ್ ಬೇಕಿದ್ದರೆ ಅಂದೇ ಮಾರುತ್ತಿದ್ದೆವು.

ಇನ್ನು ಪುಕ್ಕಟೆ ಬಾಕ್ಸ್. ಈಗ ಹಾಕಿರುವ ಹಾಗೆ ಅದರಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಂಪ್ಯೂಟರ್, ಸಿಸಿಟಿವಿ ಡಿವಿಆರ್, ಗಿರಾಕಿಗಳ ಮೊಬೈಲ್ ಎಲ್ಲವೂ ಒಂದೇ ನೆಟ್‌ವರ್ಕ್. ಗಲ್ಲಾಪೆಟ್ಟಿಗೆಯನ್ನು ಗಿರಾಕಿ ಕೂರುವ ಬೆಂಚಿನ ಮೇಲಿಟ್ಟಂತೆ. ಹೊಸ ರೂಟರಿನಲ್ಲಿ ಇವನ್ನು ಬೇರೆ ಬೇರೆ ವಿಎಲ್ಎಎನ್‌ಗೆ (ಒಂದೇ ರೂಟರಿನೊಳಗಿನ ಪ್ರತ್ಯೇಕ ನೆಟ್‌ವರ್ಕ್) ಹಾಕಿ, ಯಾವುದು ಯಾವುದನ್ನು ಮುಟ್ಟಬಹುದು ಎಂಬ ಫೈರ್‌ವಾಲ್ ನಿಯಮ ಬರೆಯುತ್ತೇವೆ. ಗೆಸ್ಟ್ ವೈಫೈನಲ್ಲಿರುವ ಮೊಬೈಲಿಗೆ ಟ್ಯಾಲಿ ಕಂಪ್ಯೂಟರ್ ಕಾಣುವುದೇ ಇಲ್ಲ.

ಮನೆಯಿಂದ ಕ್ಯಾಮೆರಾ ನೋಡುವವರಿಗೆ ಕಿರಿಕಿರಿಯಾಗುತ್ತದೆ, ಒಪ್ಪುತ್ತೇನೆ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಇಂಟರ್ನೆಟ್‌ನಿಂದ ನೇರ ಕ್ಯಾಮೆರಾಕ್ಕೆ ಬಿಡುವ ದಾರಿ) ಮುಚ್ಚುತ್ತಿದ್ದೇವೆ. ಇನ್ನು ಮೊದಲು ವಿಪಿಎನ್ (ಅಂಗಡಿ ನೆಟ್‌ವರ್ಕ್‌ಗೆ ಬೀಗವಿರುವ ಖಾಸಗಿ ದಾರಿ) ಆನ್ ಮಾಡಿ, ಆಮೇಲೆ ಕ್ಯಾಮೆರಾ ಆ್ಯಪ್ ತೆರೆಯಬೇಕು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಹಿಡಿದಿದ್ದು ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದ ಇಂಥ ಡಿವಿಆರ್, ಕ್ಯಾಮೆರಾಗಳನ್ನೇ. ಅಕೌಂಟೆಂಟ್ ಮನೆಯಿಂದ ಕೆಲಸ ಮಾಡಲಿ ಎಂದು 3389 ಪೋರ್ಟ್ (ದೂರದಿಂದ ವಿಂಡೋಸ್ ಕಂಪ್ಯೂಟರ್ ಬಳಸುವ ದಾರಿ) ತೆರೆಸಿಕೊಂಡಿದ್ದ ಅಂಗಡಿಯೊಂದರ ಲಾಗ್ (ಯಾರ್ಯಾರು ಒಳಬರಲು ನೋಡಿದರೆಂಬ ದಾಖಲೆ) ತೆಗೆದು ಮಾಲೀಕರಿಗೇ ತೋರಿಸಿದ್ದೆ. ಅಡ್ಮಿನ್, ಅಕೌಂಟ್ಸ್, ಟ್ಯಾಲಿ, ಮತ್ತೆ ಅಡ್ಮಿನ್: ಹೆಸರು ಬದಲಿಸಿ ಬದಲಿಸಿ ರಾತ್ರಿಯಿಡೀ ಲಾಗಿನ್‌ಗೆ ಪ್ರಯತ್ನ. "ಯಾರ್ರೀ ಇವ್ನು?" ಅಂದರು. ಅವನು ಮನುಷ್ಯನೇ ಅಲ್ಲ, ಸ್ಕ್ರಿಪ್ಟು, ತಾನೇ ಓಡುವ ಪ್ರೋಗ್ರಾಮು.

ದುಡ್ಡಿನ ವಿಷಯ. ಬಿಲ್ಲಿನ ದೊಡ್ಡ ಪಾಲು ರೂಟರಿನ ಬೆಲೆ, ಮೇಲೆ 18% ಜಿಎಸ್‌ಟಿ. ನಮ್ಮದು ಕೂರಿಸುವ, ಕಾನ್ಫಿಗರ್ ಮಾಡುವ ಕೂಲಿಯಷ್ಟೇ, ಅದನ್ನು ಏರಿಸಿಲ್ಲ. ರೆಗ್ಯುಲರ್ ಜಿಎಸ್‌ಟಿಯಲ್ಲಿರುವ ಅಂಗಡಿಯವರು ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳಬಹುದು, ಅಂದರೆ ಇಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಕಾಂಪೊಸಿಷನ್‌ನವರಿಗೆ, ಕ್ಲಿನಿಕ್‌ನವರಿಗೆ ಆ ಅನುಕೂಲವಿಲ್ಲ, ಅವರು ಎರಡು ಕಂತಿನಲ್ಲಿ ಕೊಡಲಿ. ರಸ್ತೆ ಅಗೆದು ಫೈಬರ್ ಕಡಿದಾಗಲೂ ಬೈಗುಳ ನಮಗೇ ಬರುತ್ತಿತ್ತು. ಹೊಸ ರೂಟರಿನಲ್ಲಿ ಎರಡು ವ್ಯಾನ್ (WAN) ಪೋರ್ಟ್, ಅಂದರೆ ಇಂಟರ್ನೆಟ್ ಲೈನ್ ಸಿಕ್ಕಿಸುವ ಜಾಗ, ಇವೆ, ಎರಡನೇ ಕನೆಕ್ಷನ್ ಇದ್ದವರಿಗೆ ಒಂದು ಹೋದರೆ ಇನ್ನೊಂದು ತಾನೇ ಹಿಡಿದುಕೊಳ್ಳುತ್ತದೆ.

ಅಂಗಡಿ ಬಾಗಿಲು ಹಾಕಿದ ಮೇಲೆ ಅಥವಾ ಭಾನುವಾರ ಬರುತ್ತೇವೆ, ನಿಮ್ಮ ಅನುಕೂಲ ತಿಳಿಸಿ. ಅಡ್ಮಿನ್ ಪಾಸ್‌ವರ್ಡ್ ಕವರಿನಲ್ಲಿ ಹಾಕಿ ನಿಮ್ಮ ಕೈಗೇ ಕೊಡುತ್ತೇನೆ. ದಯವಿಟ್ಟು ಅದನ್ನು ರೂಟರ್ ಮೇಲೆ ಅಂಟಿಸಬೇಡಿ.

ಇಂತಿ ನಿಮ್ಮ,
ಮಾಲೀಕ ಮತ್ತು ಸರ್ವಿಸ್ ಹುಡುಗರು