ನಿಮ್ಮಣ್ಣ ತಪ್ಪಾಯಿತು ಅನ್ನೋದಿಲ್ಲ, ದೋಸ್ತ

ಪ್ರೀತಿಯ ದೋಸ್ತ,

ನಿನ್ನ ಉದ್ದನೆ ಮೆಸೇಜನ್ನು ರಾತ್ರಿ ಕೌದಿ ಹೊದ್ದುಕೊಂಡು ಎರಡು ಸಲ ಓದಿದೆ. ಕಲಬುರಗಿಯಲ್ಲೂ ಈಗ ಚಳಿ ಬಿದ್ದಿದೆ. ನಿಮ್ಮಣ್ಣ ತನ್ನ ತಪ್ಪು ಒಪ್ಪದೆ ಮನೆಯವರ ತಲೆಗೇ ಕಟ್ಟುತ್ತಾನೆ, ಅವನನ್ನು ಕೂಡಿಸಿಕೊಂಡು ಎಲ್ಲ ಬಿಡಿಸಿ ಹೇಳಿದರೆ ತಿಳೀಬಹುದು ಅಂತ ಬರೆದಿದ್ದೀಯ. ಬೇಡ. ನಮ್ಮ ಕಾಕಾನ ಮುಂದೆ ಅದನ್ನು ನಾನು ಮಾಡಿ ನೋಡಿದ್ದೇನೆ.

ಕೆಲವು ವರ್ಷದ ಹಿಂದೆ ತೊಗರಿ ರಾಶಿ ಮುಗಿದಾಗ, "ಈಗೇ ಮಾರಬ್ಯಾಡ್ರಿ, ರೇಟ್ ಇನ್ನಾ ಏರ್ತದ" ಅಂತ ಕಾಕಾ ಅಪ್ಪನ 40 ಚೀಲ ಮನೆಯಲ್ಲೇ ಇಡಿಸಿದರು. ರೇಟು ಬಿತ್ತು. ಮೇಲಿಂದ ನುಸಿ ಹತ್ತಿತು. ನಾನು ಹೋಗಿ ಮೆಲ್ಲಗೇ ಕೇಳಿದೆ. ಕಾಕಾ ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದರು. ಕಪ್ಪು ಹಿಡಿದ ಕೈ ಹಾಗೇ ನಿಂತಿತು. ಬಸಿ ತುಂಬಿ ಚಹಾ ಧೋತರದ ಮೇಲೆ ಚೆಲ್ಲಿತು. ಒಂದು ಗಳಿಗೆ ಅವರ ಮುಖ ಮಾಸ್ತರ ಕೈಗೆ ಸಿಕ್ಕಿಬಿದ್ದ ಹುಡುಗನ ಮುಖದ ಹಾಗಾಯಿತು. ಆಮೇಲೆ ಶುರು: "ನಾ ಹಂಗ ಯಾವಾಗ ಅಂದೀನಿ? ನಿಮ್ಮಪ್ಪಗ ವ್ಯವಹಾರ ತಿಳಿಯಂಗಿಲ್ಲ." ಚಹಾ ಚೆಲ್ಲಿದ್ದಕ್ಕೂ ಕಾಕುಗೇ ಬೈಗುಳ. ಕಪ್ಪು ಜಾಸ್ತಿ ತುಂಬಿಸಿ ತಂದರಂತೆ!

ಆ ಒಂದು ಗಳಿಗೆ ನನ್ನ ಕಣ್ಣಿಂದ ಹೋಗಿಲ್ಲ. ತಮ್ಮ ತಪ್ಪು ಅವರಿಗೆ ಕಂಡಿತ್ತು ದೋಸ್ತ. ತಡೆದುಕೊಳ್ಳೋಕೆ ಆಗಲಿಲ್ಲ, ಅಷ್ಟೇ. ನಾವಾದರೆ "ಈ ಕೆಲಸ ಕೆಡಿಸಿದೆ" ಅಂದುಕೊಂಡು ಎರಡು ದಿನ ಮುಖ ಸಣ್ಣ ಮಾಡಿಕೊಂಡು ಓಡಾಡುತ್ತೇವೆ. ಇಂಥವರಿಗೆ "ನಾನು ಯಾತಕ್ಕೂ ಬಾರದವ" ಅನ್ನಿಸಿಬಿಡುತ್ತದೆ. ಇದ್ದರೆ ಅಟ್ಟ, ಇಲ್ಲದಿದ್ದರೆ ಪಾತಾಳ, ನಡುವೆ ಒಂದು ಮೆಟ್ಟಿಲೂ ಇಲ್ಲ. ಹಾಗಾಗಿ ಆ ನಾಚಿಕೆ ಒಳಗೆ ಇಳಿಯುವ ಮೊದಲೇ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಬೇಕು. ನೀನು ಒಂದೊಂದೇ ಲೆಕ್ಕ ತೆಗೆದಷ್ಟೂ ಬಾಗಿಲು ಗಟ್ಟಿಯಾಗಿ ಮುಚ್ಚುತ್ತದೆ.

ನಿಮ್ಮ ಬೀದರಿನ ಬಿದ್ರಿ ಹೂದಾನಿ ನೆನಪಾಯಿತು. ಕೋಟೆಯ ಮಣ್ಣು ತಾಗಿ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ ಅಲ್ವಾ? ಇವರೂ ಹಾಗೇ. ಮನೆಯವರೆಲ್ಲ ಕಪ್ಪಾಗಬೇಕು, ಅವರೊಬ್ಬರೇ ಬೆಳ್ಳಿ. ನಾವೂ ಸುಮ್ನೆ "ದೊಡ್ಡವರು, ಎದುರಾಡಬಾರದು" ಅಂತ ವರ್ಷಗಟ್ಟಲೆ ಮಣ್ಣು ಹಚ್ಚಿಸಿಕೊಂಡೆವು.

ಇನ್ನೊಂದು ಮಾತು. ವಿಡಿಯೋ ನೋಡಿ ಅಣ್ಣನ ಹಣೆಗೆ "ನಾರ್ಸಿಸಿಸ್ಟ್", ಅಂದರೆ ತಾನೇ ದೊಡ್ಡವನು ಅನ್ನೋ ಸ್ವಮೋಹದ ಕಾಯಿಲೆಯವನು, ಅಂತ ಚೀಟಿ ಹಚ್ಚಬೇಡ. ಸೊಕ್ಕಿದವರೆಲ್ಲ ರೋಗಿಗಳಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಕಾಯಿಲೆ ಸೇರಿದ್ದು 1980ರಲ್ಲಿ. ಈಗ ಅದರಲ್ಲಿ 9 ಲಕ್ಷಣ ಕೊಟ್ಟಿದ್ದಾರೆ, ಕನಿಷ್ಠ 5 ಇರಬೇಕು. ಅದನ್ನೂ ವೈದ್ಯರೇ ಕೂತು ನೋಡಿ ಹೇಳಬೇಕು. ತೊಡಕು ಏನಂದರೆ, ಹಲ್ಲು ನೋವು ಬಂದವನು ತಾನೇ ಡಾಕ್ಟರ ಹತ್ತಿರ ಓಡುತ್ತಾನೆ. ಇಲ್ಲಿ ನೋವು ಜಾಸ್ತಿ ಮನೆಯವರಿಗೆ. ಇಂಥವರು ಹೋದರೂ ಬೇರೆ ಯಾವುದೋ ನೆಪದಲ್ಲಿ ಹೋಗುತ್ತಾರೆ, ಮನಸ್ಸು ಕುಗ್ಗಿದೆ ಅಂತಲೋ, ಹೆಂಡತಿ ಬಿಟ್ಟು ಹೋದಳು ಅಂತಲೋ. ಹೋಗಿ ಚಿಕಿತ್ಸೆ ಬಿಡದೆ ನಿಂತರೆ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಬದಲಾಗುವವರೂ ಇದ್ದಾರೆ. ಆದರೆ ನಿಲ್ಲಬೇಕಲ್ಲ.

ಕಾಕಾ ನಿದ್ದೆ ಬರ್ತಿಲ್ಲ ಅಂತ ಒಮ್ಮೆ ಹೋಗಿದ್ದರು. "ಮನೆಯಲ್ಲಿ ಯಾರ ಜೊತೆ ಜಗಳ ಆಗ್ತದ?" ಅಂತ ಡಾಕ್ಟರು ಕೇಳಿದರಂತೆ. ಎರಡನೇ ಸಲ ಹೋಗಲಿಲ್ಲ. "ಆ ಡಾಕ್ಟರಗೇ ಏನೂ ತಿಳಿಯಂಗಿಲ್ಲ" ಅಂದರು.

ಅಣ್ಣನ ಜೊತೆ ಹೊಲದ ಪಾಲಿನ ಮಾತು ಮಾತ್ರ ಬಾಯಲ್ಲಿ ಬಿಡಬೇಡ, ಕಾಗದದ ಮೇಲೆ ಬರೆಸಿಕೋ. ಎಳ್ಳಮಾಸಿಗೆ, ಎಳ್ಳ ಅಮಾವಾಸ್ಯೆ ಹಬ್ಬಕ್ಕೆ ಬಾ. ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಇರುತ್ತದೆ. ಕಾಕಾನೂ ಇರುತ್ತಾರೆ. ಭಜ್ಜಿ ಮಾಡೋದು ಕಾಕುಗೆ ತಾನೇ ಕಲಿಸಿದ್ದು ಅನ್ನುತ್ತಾರೆ. ನೀನು ರೊಟ್ಟಿ ಮುರಿ.

ನಿನ್ನ ದೋಸ್ತ