ಡ್ರಿಲ್ ಬಿಟ್ ಸಾಣೆಗೆ ಯಂತ್ರ ಕೊಳ್ಳುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಮನೆಯಲ್ಲೇ ಸಣ್ಣ ವರ್ಕ್‌ಶಾಪ್ ಇಟ್ಟುಕೊಳ್ಳುವವರಿಗೆ ಬೇಕಾಗುವ ಉಪಕರಣಗಳ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಮೊಂಡಾದ ಡ್ರಿಲ್ ಬಿಟ್‌ಗಳನ್ನು ಎಸೆಯದೆ ಸಾಣೆ ಹಿಡಿದು ಬಳಸಬೇಕೆಂಬ ಅದರ ಸಲಹೆಗೆ ನನ್ನ ಪೂರ್ಣ ಸಹಮತವಿದೆ. ಆದರೆ ಅದಕ್ಕೆ ಯಾವ ಸಾಧನ ಬೇಕೆಂಬ ಪ್ರಶ್ನೆ ಬಂದಾಗ ಲೇಖನವು ಬಿಟ್ ಚೂಪು ಮಾಡುವ ವಿದ್ಯುತ್ ಯಂತ್ರವೊಂದನ್ನೇ ಎಲ್ಲರಿಗೂ ಸೂಚಿಸಿ ಮುಂದೆ ಸಾಗಿದೆ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತನಾದ ನನಗೆ ಈ ಸಲಹೆ ಒಪ್ಪಿತವಾಗಲಿಲ್ಲ. ತಮ್ಮ ಡಬ್ಬಿಯಲ್ಲಿ ಎಂಥ ಬಿಟ್‌ಗಳಿವೆ ಎಂದು ನೋಡಿಕೊಂಡು ಸಾಧನ ಆರಿಸಿದರೆ, ಬಹುತೇಕ ಮನೆಗಳಿಗೆ ಮೇಜಿಗೆ ಬಿಗಿದು ಬಳಸುವ, ಆರು ಇಂಚಿನ ಒಂದು ಬೆಂಚ್ ಗ್ರೈಂಡರ್, ಅದಕ್ಕೆ ತಕ್ಕ ಕಲ್ಲು ಮತ್ತು ಕೋನ ನೋಡುವ ಒಂದು ಗೇಜ್ ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಸಾಣೆಯಿಂದ ಆಗಬೇಕಾದ ಕೆಲಸವೇನು ಎಂಬುದು ಸ್ಪಷ್ಟವಿರಬೇಕು. ಸಾಮಾನ್ಯ ಬಿಟ್‌ನ ತುದಿಯ ಕೋನ 118 ಡಿಗ್ರಿ. ಸ್ಟೇನ್‌ಲೆಸ್ ಸ್ಟೀಲ್‌ನಂಥ ಗಟ್ಟಿ ಲೋಹಕ್ಕೆ ಬರುವ ಬಿಟ್‌ಗಳಲ್ಲಿ ಅದು 135 ಡಿಗ್ರಿ. ಎರಡೂ ಕತ್ತರಿಸುವ ಅಂಚುಗಳ ಉದ್ದ ಮತ್ತು ಕೋನ ಒಂದೇ ಆಗಿರಬೇಕು. ಇವೆರಡಕ್ಕಿಂತ ಮುಖ್ಯವಾದದ್ದು ಅಂಚಿನ ಹಿಂಬದಿಯ ಇಳಿಜಾರು. ನಮ್ಮ ಕಡೆಯ ಫಿಟರ್‌ಗಳು ಇದನ್ನು ಕ್ಲಿಯರೆನ್ಸ್ ಎನ್ನುತ್ತಾರೆ. ಅಂಚಿನಿಂದ ಹಿಂದಕ್ಕೆ ಸುಮಾರು 8ರಿಂದ 12 ಡಿಗ್ರಿಯಷ್ಟು ಲೋಹ ತಗ್ಗಿರದಿದ್ದರೆ, ತುದಿ ಎಷ್ಟೇ ಥಳಥಳ ಹೊಳೆದರೂ ಬಿಟ್‌ನ ಹಿಂಭಾಗವೇ ಕಬ್ಬಿಣಕ್ಕೆ ಒತ್ತಿಕೊಂಡು, ಅಂಚು ಒಳಗಿಳಿಯದೆ, ತೂತಿನ ಬದಲು ಹೊಗೆ ಬರುತ್ತದೆ. ಈ ಇಳಿಜಾರು ಅತಿಯಾದರೆ ಅಂಚು ತೆಳುವಾಗಿ ಚಕ್ಕೆ ಏಳುತ್ತದೆ. ಅಗ್ಗದ ಸಾಧನಗಳು ಸೋಲುವುದು ಹೆಚ್ಚಾಗಿ ಈ ಜಾಗದಲ್ಲಿಯೇ, ಮತ್ತು ಹೊಳಪನ್ನೇ ನೋಡಿ ತೃಪ್ತರಾಗುವವರಿಗೆ ಅದು ಕಾಣುವುದಿಲ್ಲ.

ಇನ್ನು ಡಬ್ಬಿಯಲ್ಲಿರುವ ಬಿಟ್‌ಗಳ ವಿಷಯ. ಮನೆಗಳಲ್ಲಿ ಅತಿ ಹೆಚ್ಚು ಸವೆಯುವುದು ಗೋಡೆ ಕೊರೆಯುವ ಬಿಟ್. ಅದರ ತುದಿಗೆ ಕಾರ್ಬೈಡ್ ಎಂಬ ಬಲು ಗಡಸು ವಸ್ತುವಿನ ತುಂಡನ್ನು ಬೆಸೆದಿರುತ್ತಾರೆ. ಗ್ರೈಂಡರ್ ಜೊತೆಗೆ ಬರುವ ಬೂದು ಬಣ್ಣದ ಕಲ್ಲು ಆ ಕಾರ್ಬೈಡನ್ನು ಕಡಿಯಲಾರದು, ಕಲ್ಲೇ ಸವೆಯುತ್ತದೆ. ಅದಕ್ಕೆ ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ಅಥವಾ ವಜ್ರದ ಚಕ್ರವೇ ಬೇಕು. ಬಿಸಿಯಾದ ಕಾರ್ಬೈಡನ್ನು ನೀರಿಗೆ ಅದ್ದಿದರೆ ಅದು ಸೀಳುತ್ತದೆ. ಬಹಳ ಕಾಯಿಸಿದರೆ ಬೆಸುಗೆಯೇ ಸಡಿಲವಾಗುತ್ತದೆ. ಆರು ಮಿಲಿಮೀಟರಿನ ಗೋಡೆ ಬಿಟ್‌ಗಾಗಿ ಇಷ್ಟೆಲ್ಲ ಪರದಾಡುವುದಕ್ಕಿಂತ ಹೊಸದನ್ನು ತರುವುದೇ ಲೇಸು. ಕಬ್ಬಿಣ ಕೊರೆಯುವ ಬಿಟ್‌ಗಳಲ್ಲೂ ಮೂರು ಮಿಲಿಮೀಟರಿಗಿಂತ ಸಣ್ಣವು ಸಾಣೆಯ ಶ್ರಮಕ್ಕೆ ತಕ್ಕವಲ್ಲ. ಮರಗೆಲಸಕ್ಕೆಂದೇ ನಡುವೆ ಮುಳ್ಳಿನಂಥ ಮೊನೆಯಿಟ್ಟು ಮಾಡಿದ ಬಿಟ್‌ಗಳನ್ನು ಸಾಮಾನ್ಯ ಸಾಣೆ ಯಂತ್ರಕ್ಕೆ ಕೊಟ್ಟರೆ ಆ ಮೊನೆಯೇ ಹೋಗುತ್ತದೆ; ಅವಕ್ಕೆ ಸಣ್ಣ ಅರ ಸಾಕು. ಬಂಗಾರದ ಬಣ್ಣದ ಲೇಪವುಳ್ಳ ಬಿಟ್‌ಗಳನ್ನಾದರೆ ಹೆದರದೆ ಸಾಣೆಗೆ ಒಡ್ಡಬಹುದು, ಏಕೆಂದರೆ ತುದಿಯ ಲೇಪ ಹೋದರೂ ಒಳಗಿನ ಉಕ್ಕು ಕತ್ತರಿಸುವುದನ್ನು ನಿಲ್ಲಿಸುವುದಿಲ್ಲ.

ಉಳಿದದ್ದು ಎಚ್‌ಎಸ್‌ಎಸ್, ಅಂದರೆ ಹೈಸ್ಪೀಡ್ ಸ್ಟೀಲ್ ಬಿಟ್‌ಗಳು. ಸಾಣೆಯ ಖರ್ಚಿಗೂ ಶ್ರಮಕ್ಕೂ ಬೆಲೆ ಸಿಗುವುದು ಇವುಗಳಲ್ಲಿಯೇ. ಈ ಅಕ್ಷರಗಳನ್ನು ಕೊರೆಸಿಕೊಂಡ ಎಲ್ಲ ಬಿಟ್‌ಗಳೂ ನಿಜವಾಗಿ ಆ ಉಕ್ಕಿನವಾಗಿರುವುದಿಲ್ಲ ಎಂಬುದು ಅಂಗಡಿಯವರಿಗೂ ಗೊತ್ತು, ಹೇಳುವವರು ಕಡಿಮೆ. ಕಲ್ಲಿಗೆ ತಾಗಿಸಿದಾಗ ಏಳುವ ಕಿಡಿಯನ್ನು ನೋಡಿದರೆ ಸಂಶಯ ಬಗೆಹರಿಯುತ್ತದೆ. ಸಾದಾ ಇಂಗಾಲದ ಉಕ್ಕಾದರೆ ಬಿಳಿ-ಹಳದಿ ಕಿಡಿಗಳು ದಟ್ಟವಾಗಿ ಎದ್ದು ತುದಿಯಲ್ಲಿ ನಕ್ಷತ್ರಗಳಂತೆ ಸಿಡಿಯುತ್ತವೆ. ಹೈಸ್ಪೀಡ್ ಸ್ಟೀಲ್ ಆದರೆ ಕಿಡಿಗಳು ವಿರಳ, ಮಬ್ಬು ಕೆಂಪು, ಸಿಡಿತ ಕಾಣುವುದೇ ಇಲ್ಲ ಎನ್ನಬಹುದು. ಮೊದಲನೆಯ ಬಗೆಯ ಬಿಟ್ ಸಾಣೆಯ ಬಿಸಿಗೆ ನೀಲಿಗಟ್ಟಿತೆಂದರೆ ಅದರ ಗಡಸು ಹೋಯಿತೆಂದೇ ಅರ್ಥ. ನೀಲಿಯಾದಷ್ಟನ್ನೂ ಮತ್ತೆ ಸವೆಸಿ ತೆಗೆಯಬೇಕಾಗುತ್ತದೆ. ಎರಡನೆಯದು 500 ಡಿಗ್ರಿ ಸೆಲ್ಸಿಯಸ್ ದಾಟಿದರೂ ಗಡಸನ್ನು ಉಳಿಸಿಕೊಳ್ಳುವ ಉಕ್ಕಾದ್ದರಿಂದ ಅಷ್ಟು ಬೇಗ ಕೆಡುವುದಿಲ್ಲ. ಆದರೆ ಕಾದು ಕೆಂಪಾಗಿರುವಾಗಲೇ ಅದನ್ನು ತಟ್ಟನೆ ನೀರಿಗಿಳಿಸಿದರೆ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಾಗುತ್ತವೆ. ಹಗುರವಾಗಿ ತಾಗಿಸಿ, ಆಗಾಗ ಗಾಳಿಗೆ ಆರಲು ಬಿಟ್ಟರೆ ನೀರಿನ ಅಗತ್ಯವೇ ಬರುವುದಿಲ್ಲ.

ಈಗ ಸಾಧನಗಳಿಗೆ ಬರುತ್ತೇನೆ. ಕೈ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುವ, ಸಾಲು ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿ ಅಗ್ಗವಾಗಿ ಸಿಗುತ್ತದೆ. ಒಳಗಿನ ಪುಟ್ಟ ಕಲ್ಲು ಬೇಗ ಹಳ್ಳ ಬೀಳುತ್ತದೆ, ಅದನ್ನು ಮಟ್ಟ ಮಾಡುವ ಸುಲಭ ದಾರಿಯಿಲ್ಲ. ಅದರ ಬಗ್ಗೆ ಹೆಚ್ಚು ಹೇಳುವುದು ವ್ಯರ್ಥ. ಲೇಖನವು ಹೊಗಳಿದ ವಿದ್ಯುತ್ ಯಂತ್ರ ಬೇರೆಯೇ ದರ್ಜೆಯದು: ವಜ್ರದ ಚಕ್ರ, ಬಿಟ್ ಹಿಡಿಯುವ ಚಕ್, 118 ಮತ್ತು 135 ಡಿಗ್ರಿಗಳ ಹೊಂದಾಣಿಕೆ ಇರುವ ಮಾದರಿಗಳು ಒಳ್ಳೆಯ ಮೊನೆ ಕೊಡುತ್ತವೆ. ವಡಗಾವಿಯ ಪವರ್‌ಲೂಮ್ ರಿಪೇರಿಯವರಿಗೋ, ಗೇಟು-ಗ್ರಿಲ್ ಮಾಡುವವರಿಗೋ, ದಿನವೂ ಹತ್ತಾರು ಬಿಟ್ ಮೊಂಡಾಗುವ ಯಾರಿಗೇ ಆಗಲಿ ಅದು ಹಣ ತೀರಿಸೀತು. ಆದರೂ ಅದು ಎಷ್ಟು ಮಿಲಿಮೀಟರಿನಿಂದ ಎಷ್ಟರವರೆಗೆ ಹಿಡಿಯುತ್ತದೆ, ಸವೆದ ಚಕ್ರದ ಬದಲಿ ಬೆಳಗಾವಿಯಲ್ಲೇ ಸಿಗುತ್ತದೆಯೇ ಎಂದು ಕೇಳದೆ ಕೊಳ್ಳಬಾರದು. ಹಬ್ಬಕ್ಕೊಮ್ಮೆ ಶೆಲ್ಫ್ ಕೂಡಿಸುವ ಮನೆಯಲ್ಲಿ ಅಂಥ ಯಂತ್ರ ಧೂಳು ತಿನ್ನುತ್ತದೆ.

ಬೆಂಚ್ ಗ್ರೈಂಡರ್ ಹಾಗಲ್ಲ. ಉಳಿ, ಕೊಡಲಿ, ಸ್ಕ್ರೂಡ್ರೈವರ್ ತುದಿ ಎಲ್ಲಕ್ಕೂ ಬರುತ್ತದೆ. ಅದರ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 2,800 ಸುತ್ತಿನ ಆಸುಪಾಸು. 11,000 ಸುತ್ತಿನ ನಾಲ್ಕು ಇಂಚಿನ ಹ್ಯಾಂಡ್ ಗ್ರೈಂಡರ್‌ನಲ್ಲಿ ಬಿಟ್ ಸಾಣೆ ಹಿಡಿಯುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅಂಗಡಿಯಿಂದ ಬಂದ 36 ಗ್ರಿಟ್ಟಿನ ಒರಟು ಕಲ್ಲು ಮುರಿದ ಬಿಟ್‌ನ ತಲೆ ಕತ್ತರಿಸಲು ಇರಲಿ. ಮೊನೆ ಕೂಡಿಸಲು ಇನ್ನೊಂದು ಬದಿಗೆ 60 ಅಥವಾ 80 ಗ್ರಿಟ್ಟಿನ, ಅಂದರೆ ಹೆಚ್ಚು ನಯವಾದ, ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ಹಾಕಿಸಿಕೊಳ್ಳಬೇಕು. ಜೊತೆಗೆ ಕಲ್ಲಿನ ಮುಖವನ್ನು ಮಟ್ಟ ಮಾಡುವ ಡ್ರೆಸ್ಸರ್ ಕೊಳ್ಳುವುದನ್ನು ಮರೆಯಬಾರದು. ಹೊಳಪು ಹಿಡಿದ ಅಥವಾ ನಡುವೆ ಹಳ್ಳ ಬಿದ್ದ ಕಲ್ಲಿನ ಮೇಲೆ ಎಂಥ ನುರಿತ ಕೈಯೂ ನೇರ ಅಂಚು ತೆಗೆಯಲಾರದು. ಇದೇ ಕಲ್ಲಿಗೆ ಅಲ್ಯೂಮಿನಿಯಂ ತುಂಡು ಹಿಡಿದು ರಂಧ್ರಗಳನ್ನು ಮೆತ್ತಿಸಿಬಿಡುವವರೂ ಇದ್ದಾರೆ.

ಕೈ ಕುದುರದವರಿಗೆ ಬೆಂಚಿಗೆ ಬಿಗಿಯುವ ಜಿಗ್ ಸಿಗುತ್ತದೆ. ವಿ ಆಕಾರದ ತೊಟ್ಟಿಲಲ್ಲಿ ಬಿಟ್ ಮಲಗಿಸಿ, ಕಲ್ಲಿನ ಮುಂದೆ ಅತ್ತಿತ್ತ ತೂಗಿಸುವ ಸರಳ ಸಾಧನವದು. ಕೋನವನ್ನು ಅದು ಸರಿಯಾಗಿಯೇ ಕೊಡುತ್ತದೆ. ಆದರೆ ಬಿಟ್ ಎಷ್ಟು ಮುಂದೆ ಚಾಚಿರಬೇಕು, ಅಂಚು ಯಾವ ದಿಕ್ಕಿಗೆ ಮುಖ ಮಾಡಿರಬೇಕು ಎಂಬುದರಲ್ಲಿ ತುಸು ತಪ್ಪಿದರೂ ಕ್ಲಿಯರೆನ್ಸ್ ಉಲ್ಟಾ ಆಗುತ್ತದೆ. ಇಂಥ ಹಲವು ಜಿಗ್‌ಗಳನ್ನು ಕಲ್ಲಿನ ಪಕ್ಕದ ಮುಖಕ್ಕೆಂದೇ ಮಾಡಿರುತ್ತಾರೆ. ಸಾದಾ ನೇರ ಕಲ್ಲುಗಳು ಸುತ್ತಳತೆಯ ಮೇಲೆ ಉಜ್ಜುವುದಕ್ಕಾಗಿ ಇರುವಂಥವು; ಪಕ್ಕದ ಒತ್ತಡಕ್ಕೆ ಅವು ಒಡೆಯಬಲ್ಲವು. ಆದ್ದರಿಂದ ಪಕ್ಕದ ಮುಖ ಬಳಸಲು ಕಲ್ಲಿನ ತಯಾರಕರ ಅನುಮತಿ ಇಲ್ಲದಿದ್ದರೆ ಜಿಗ್‌ನ ಆಸೆ ಬಿಟ್ಟು ಕೈಯಿಂದಲೇ ಕಲಿಯುವುದು ಒಳ್ಳೆಯದು.

ಕೋನ ಪರೀಕ್ಷಿಸುವ ಗೇಜ್ ಸಿಗದಿದ್ದರೂ ಕೆಲಸ ನಿಲ್ಲದು. ಒಂದೇ ಅಳತೆಯ ಎರಡು ಷಟ್ಕೋನ ನಟ್‌ಗಳ ಚಪ್ಪಟೆ ಬದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದರೆ ನಡುವೆ ಏರ್ಪಡುವ ಸಂದು 120 ಡಿಗ್ರಿಯದು; 118ಕ್ಕೂ ಅದಕ್ಕೂ ಇರುವ ಅಂತರ ಮನೆಗೆಲಸದಲ್ಲಿ ಲೆಕ್ಕಕ್ಕಿಲ್ಲ. ಬಿಟ್‌ನ ತುದಿಯನ್ನು ಆ ಸಂದಿನಲ್ಲಿಟ್ಟು ಬೆಳಕಿಗೆ ಹಿಡಿದಾಗ ಎರಡೂ ಬದಿಯಲ್ಲಿ ಬೆಳಕಿನ ಗೆರೆ ಕಾಣಬಾರದು. ಆಮೇಲೆ ಎಂ.ಎಸ್., ಅಂದರೆ ಮೈಲ್ಡ್ ಸ್ಟೀಲ್ ಪಟ್ಟಿಯ ತುಂಡೊಂದನ್ನು ಕೊರೆದು ನೋಡಬೇಕು. ನಮ್ಮೂರಿನ ಫೌಂಡ್ರಿಗಳಿಂದ ಸುಲಭವಾಗಿ ಸಿಗುವ ಎರಕದ ಬೀಡು ಈ ಪರೀಕ್ಷೆಗೆ ಆಗದು, ಅದು ಪುಡಿಯಾಗಿಯೇ ಉದುರುತ್ತದೆ. ಎಂ.ಎಸ್.ನಲ್ಲಿ ಎರಡು ಸುರುಳಿಗಳು ಒಂದೇ ದಪ್ಪದಲ್ಲಿ ಮೇಲೆದ್ದು ಬಂದರೆ ಎರಡೂ ಅಂಚುಗಳು ಸಮಪಾಲು ದುಡಿಯುತ್ತಿವೆ ಎಂದರ್ಥ. ಒಂದೇ ಸುರುಳಿ ಬಂದರೆ ಕೋನ ತಪ್ಪಿದೆ. ತೂತು ಬಿಟ್‌ಗಿಂತ ದೊಡ್ಡದಾದರೆ ಒಂದು ಅಂಚು ಉದ್ದವಾಗಿದೆ.

ಗ್ರೈಂಡರ್ ಎಂದ ಮೇಲೆ ಎಚ್ಚರಿಕೆಯ ಮಾತು ಬಿಡುವಂತಿಲ್ಲ. ಹೊಸ ಕಲ್ಲನ್ನು ಕೂಡಿಸುವ ಮೊದಲು ಮರದ ಹಿಡಿಕೆಯಿಂದ ತಟ್ಟಿದಾಗ ಖಣ್ ಎನ್ನಬೇಕು. ಬೊದ್ದು ಸದ್ದು ಬಂದರೆ ಬಿರುಕಿದೆ. ಬಿಟ್ಟಿಗೆ ಆಸರೆಯಾಗುವ ಆಧಾರದ ಪಟ್ಟಿಗೂ ಕಲ್ಲಿಗೂ ನಡುವೆ ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಕನ್ನಡಕ ಬೇಕೇ ಬೇಕು, ಕೈಗವಸು ಮಾತ್ರ ಕೂಡದು.

ಕೈಯಿಂದ ಬಿಟ್ ಸಾಣೆ ಹಿಡಿಯುವುದನ್ನು ಐಟಿಐಗಳ ಫಿಟರ್ ತರಬೇತಿಯಲ್ಲಿ ಇಂದಿಗೂ ಕಲಿಸುತ್ತಾರೆ. ನಗರದ ಐಟಿಐಗಳು ರಜಾದಿನವೊಂದರ ಮಧ್ಯಾಹ್ನ ಮನೆಗೆಲಸದ ಆಸಕ್ತರಿಗಾಗಿ, ತಮ್ಮ ಬಿಟ್ ತಾವೇ ತಂದು ಕಲಿಯುವಂತೆ, ಅಲ್ಪ ಶುಲ್ಕದಲ್ಲಿ ಒಂದು ತರಗತಿ ನಡೆಸಿದರೆ ಉಪಕಾರವಾದೀತು. ಇಲ್ಲಿ ಗ್ರೈಂಡರ್‌ಗಳಿಗಾಗಲಿ, ಹೇಳಿಕೊಡಬಲ್ಲ ನಿವೃತ್ತರಿಗಾಗಲಿ ಕೊರತೆಯಿಲ್ಲ. ಕರೆದರೆ ನಾನೂ ಬರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಟೂಲ್‌ರೂಮ್ ಫಿಟರ್
ಅನಗೋಳ, ಬೆಳಗಾವಿ