ಇನ್ನೊಬ್ಬರ ಮೇಲಿನ ಡಿಕ್ರಿ, ನಮ್ಮಣ್ಣನ ಸಾಲದ ವರದಿಯಲ್ಲಿ

ಮಾನ್ಯ ಸಂಪಾದಕರೇ,

ನಮ್ಮಣ್ಣ ಅಣ್ಣಿಗೇರಿ ಕಡೆಯ ರೈತ. ಟ್ರ್ಯಾಕ್ಟರ್ ಸಾಲ ಕೇಳಲು ಉತಾರ (ಪಹಣಿ), ಆಧಾರ್, ಪಾನ್ ಕಾರ್ಡ್ ಎಲ್ಲ ಹಿಡಿದುಕೊಂಡು ಹುಬ್ಬಳ್ಳಿಯ ಒಂದು ಬ್ಯಾಂಕಿಗೆ ಹೋಗಿದ್ದ. ಮ್ಯಾನೇಜರ್ ಕಂಪ್ಯೂಟರಿನಲ್ಲಿ ಅಣ್ಣನ ಸಾಲದ ವರದಿ (ಯಾರು ಎಷ್ಟು ಸಾಲ ಮಾಡಿದ್ದಾರೆ, ಹೇಗೆ ತೀರಿಸಿದ್ದಾರೆ ಎಂದು ಕ್ರೆಡಿಟ್ ಕಂಪನಿಗಳು ಬ್ಯಾಂಕುಗಳಿಗೆ ಕೊಡುವ ವಿವರ) ನೋಡಿ, "ಯಜಮಾನ್ರ, ನಿಮ್ಮ ಮ್ಯಾಲೆ ಸಾಲದ ದಾವಾ ಐತಲ್ರೀ" ಎಂದರು. ಅಣ್ಣ ಸೊಸೈಟಿಯ ಬೆಳೆಸಾಲ ಬಿಟ್ಟು ಬೇರೆ ಸಾಲ ಮಾಡಿದವನೇ ಅಲ್ಲ. ಅದನ್ನೂ ವರ್ಷಾವರ್ಷ ತುಂಬಿದ್ದಾನೆ. ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಅವತ್ತು ಅವನಿಗೆ ಆದ ಅವಮಾನ ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ದಾವೆ ಹೂಡಿದ್ದು ಇನ್ನೊಂದು ಹಣಕಾಸು ಸಂಸ್ಥೆ. ಅಲ್ಲಿ ಗಂಟುಬಿದ್ದು ಕೇಸ್ ನಂಬರ್ ತೆಗೆದುಕೊಂಡೆವು. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಡಿಕ್ರಿ, ಅಂದರೆ ದಾವೆಯಲ್ಲಿ ಕೋರ್ಟ್ ಕೊಟ್ಟ ತೀರ್ಪಿನ ಆದೇಶ, ಸಿಕ್ಕಿತು. ಪ್ರತಿವಾದಿಯ ಹೆಸರು, ಅಡ್ಡಹೆಸರು ಎರಡೂ ಅಣ್ಣನದೇ. ಆದರೆ ತಂದೆಯ ಹೆಸರು ಬೇರೆ. ಊರು ಶಿಗ್ಗಾಂವಿ ತಾಲೂಕಿನದು. ಉದ್ಯೋಗ ಕಿರಾಣಿ ವ್ಯಾಪಾರ ಅಂತ ಬರೆದಿದೆ. ಓದಿದ ಯಾರಿಗಾದರೂ ಇವರು ಬೇರೆ, ಅವರು ಬೇರೆ ಎಂದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಹಾಗಾದರೆ ಕೂಡಿಸಿದ್ದು ಹೇಗೆ? ಆ ಹಳೇ ಸಾಲದ ಖಾತೆಗೆ ಪಾನ್ ನಂಬರ್ ಜೋಡಿಸಿರಲಿಲ್ಲ. ಹೆಸರು ಮತ್ತು ಹುಟ್ಟಿದ ದಿನಾಂಕ ಹೊಂದುತ್ತದೆ ಅಂತ ಅಣ್ಣನ ತಲೆಗೆ ಕಟ್ಟಿದ್ದಾರೆ. ನಮ್ಮ ಕಡೆ ಅರವತ್ತು ದಾಟಿದವರ ದಾಖಲೆ ತೆಗೆದು ನೋಡಿ. ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನ ಮೇಲೆ ಬರೆದುಕೊಂಡ ತಾರೀಖು ಅದು. ಇನ್ನು ಬಸವರಾಜ, ಮಲ್ಲಪ್ಪ, ಶಿವಾನಂದ ಎಂಬ ಹೆಸರುಗಳ ಮುಂದೆ ಪಾಟೀಲ, ಹಿರೇಮಠ, ಬಡಿಗೇರ ಅಂತ ಸೇರಿಸಿದರೆ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯಲ್ಲಿ ಒಂದೊಂದು ಹೆಸರಿಗೆ ಎಷ್ಟು ಮಂದಿ ಸಿಗಬಹುದು! ಇಲ್ಲಿ ಹೆಸರು, ತಾರೀಖು ನೋಡಿ ಮನುಷ್ಯನನ್ನು ಗುರುತಿಸುವುದು ಅನ್ಯಾಯ. ತಂದೆಯ ಹೆಸರು, ಊರು ನೋಡಲೇಬೇಕು.

ತಪ್ಪು ತೋರಿಸಿದ ಮೇಲೂ ಅಲೆದಾಟ ತಪ್ಪಲಿಲ್ಲ. ವರದಿ ಕೊಡುವ ಕಂಪನಿ, "ಸಾಲ ಕೊಟ್ಟ ಸಂಸ್ಥೆ ಒಪ್ಪದೆ ನಾವು ತಿದ್ದುವ ಹಾಗಿಲ್ಲ" ಎಂದಿತು. ಸಂಸ್ಥೆಯ ಶಾಖೆಯವರು, "ಅದು ಹೆಡ್ಡಾಫೀಸಿನ ಕೆಲಸ" ಎಂದರು. ಅರ್ಜಿ ಕೊಟ್ಟರೆ ಸ್ವೀಕೃತಿ ಹಾಕಿಕೊಡಲೂ ತಕರಾರು.

ನಿಯಮ ಮಾತ್ರ ಚೆನ್ನಾಗಿಯೇ ಇದೆ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ತಪ್ಪನ್ನು ತಿದ್ದಿಸಿಕೊಳ್ಳುವುದು ನಮ್ಮ ಹಕ್ಕು. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಇನ್ನೂ ಬಿಗಿ ಮಾಡಿದೆ. ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥ ಆಗಬೇಕು. ಅದರಲ್ಲಿ ಸಾಲ ಕೊಟ್ಟ ಸಂಸ್ಥೆಗೆ 21 ದಿನ. ತಡವಾದರೆ ದೂರುದಾರನಿಗೆ ದಿನಕ್ಕೆ 100 ರೂಪಾಯಿ ಪರಿಹಾರ. ತಿದ್ದುವುದಿಲ್ಲ ಎಂದರೆ ಕಾರಣ ತಿಳಿಸಬೇಕು. ಇಷ್ಟಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಸಹಾಯವಾಣಿ 14448. ಆದರೆ ಸ್ವೀಕೃತಿಯೇ ಕೈಯಲ್ಲಿ ಇಲ್ಲದಿದ್ದರೆ 30 ದಿನ ಯಾವತ್ತಿನಿಂದ ಎಣಿಸಬೇಕು? ಬಿತ್ತನೆಯ ಹೊತ್ತಿಗೆ ಟ್ರ್ಯಾಕ್ಟರ್ ಕೈಗೆ ಬರದಿದ್ದರೆ ದಿನಕ್ಕೆ ನೂರು ರೂಪಾಯಿ ಯಾವ ಲೆಕ್ಕ?

ಓದುಗರು ಒಂದು ವಿಷಯ ಗಮನಿಸಬೇಕು. ಡಿಕ್ರಿ ನಿಜವಾಗಿ ನಿಮ್ಮ ಮೇಲೆಯೇ ಆಗಿದ್ದು, ಸಮನ್ಸ್ ಮುಟ್ಟದೆ ಏಕಪಕ್ಷೀಯವಾಗಿ, ಅಂದರೆ ನೀವು ಹಾಜರಿಲ್ಲದೆ, ಆಗಿದ್ದರೆ ಕ್ರೆಡಿಟ್ ಕಂಪನಿಗೆ ಬರೆದು ಪ್ರಯೋಜನವಿಲ್ಲ. ಡಿಕ್ರಿ ರದ್ದು ಮಾಡುವ ಅಧಿಕಾರ ಅವರಿಗಿಲ್ಲ. ಅದೇ ಕೋರ್ಟಿಗೆ ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲದಿದ್ದರೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ 30 ದಿನದ ಅವಧಿ ಇರುತ್ತದೆ. ಆ ದಿನಗಳನ್ನು ಸುಮ್ನೆ ಬ್ಯಾಂಕಿಗೆ ಅಲೆದು ಕಳೆಯಬೇಡಿ, ಮೊದಲು ವಕೀಲರನ್ನು ಕಾಣಿ. ಇನ್ನು ಡಿಕ್ರಿ ಹಣವನ್ನು ಕೋರ್ಟಿನ ಹೊರಗೆ ಕಟ್ಟಿದವರು ಬೇಬಾಕಿ ಪತ್ರ (ಬಾಕಿ ಇಲ್ಲ ಎಂಬ ಪತ್ರ) ತೆಗೆದುಕೊಂಡರೆ ಸಾಲದು, ಹಣ ಮುಟ್ಟಿದ್ದನ್ನು ಕೋರ್ಟಿನಲ್ಲೂ ದಾಖಲು ಮಾಡಿಸಬೇಕು. ಹಾಗೆ ಮಾಡಿಸದಿದ್ದರೆ ನಾಳೆ ಡಿಕ್ರಿ ಹಣ ವಸೂಲಿಗೆ ಅಮಲ್ಜಾರಿ ಅರ್ಜಿ ಬಂದಾಗ ಕಟ್ಟಿದ ಹಣವನ್ನು ಕೋರ್ಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಾಲ ಕೇಳುವ ಮೊದಲೇ ಒಮ್ಮೆ ವರದಿ ತೆಗೆಸಿ ನೋಡಿ. ದೇಶದಲ್ಲಿ ಇಂಥ ವರದಿ ಕೊಡುವ ಕಂಪನಿಗಳು ನಾಲ್ಕಿವೆ. ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಓಟಿಪಿ, ಆನ್‌ಲೈನ್ ಅಂದರೆ ಹಿರಿಯರು ಹಿಂಜರಿಯುತ್ತಾರೆ, ಮನೆಯ ಹುಡುಗರು ಕೂತು ತೆಗೆದುಕೊಡಲಿ. ನಮ್ಮಣ್ಣನಿಗೂ ಅವನ ಮಗಳೇ ತೆಗೆದುಕೊಟ್ಟದ್ದು.

ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಅಧ್ಯಕ್ಷತೆಯಲ್ಲಿ ಬ್ಯಾಂಕಿನವರ ಸಭೆ ನಡೆಯುತ್ತದಲ್ಲ, ಅಲ್ಲಿ ಈ ವಿಷಯ ತೆಗೆದುಕೊಳ್ಳಿ. ಕನ್ನಡದಲ್ಲಿ ಕಾಗದದ ಮೇಲೆ ಬರೆದುಕೊಟ್ಟ ದೂರನ್ನೂ ಪ್ರತಿ ಶಾಖೆ ತೆಗೆದುಕೊಳ್ಳಬೇಕು, ತಾರೀಖು ಹಾಕಿ ಮುದ್ರೆ ಒತ್ತಿ ಸ್ವೀಕೃತಿ ಕೊಡಬೇಕು. ಒಬ್ಬರ ಹೆಸರಿನ ಮುಂದೆ ದಾವೆ ಅಂತ ನಮೂದಿಸುವ ಮೊದಲು ಡಿಕ್ರಿಯಲ್ಲಿರುವ ತಂದೆಯ ಹೆಸರು, ಊರನ್ನು ತಾಳೆ ನೋಡಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಅಣ್ಣನ ದೂರು ಈಗ ಓಂಬುಡ್ಸ್‌ಮನ್ ಮುಂದಿದೆ. ಆ ಡಿಕ್ರಿಯ ಪ್ರತಿಯನ್ನೂ ಅದರ ಜೊತೆ ಲಗತ್ತಿಸಿದ್ದೇವೆ.

– ಒಬ್ಬ ಓದುಗ
ವಿದ್ಯಾನಗರ, ಹುಬ್ಬಳ್ಳಿ